ನೆಲದ ದುಂಬಿಗಳನ್ನ ವರ್ಷಗಟ್ಟಲೆ ಎಣಿಸೋದು ಹೇಗೆ: ಪುಣೆ, ಮುಂಬೈ, ಗೋವಾ ಕಡೆಯ ಕಾಡುಗಳಿಗೆ

ಕಾಡಲ್ಲಿ ನೆಲಮಟ್ಟಕ್ಕೆ ಲೋಟ ಹೂತಿಟ್ಟು, ಅದರೊಳಗೆ ಬಿದ್ದ ದುಂಬಿ ಎಣಿಸೋದು ಹೇಗೆ ಅಂತ ಕೇಳೋವ್ರು ಈಚೆಗೆ ಜಾಸ್ತಿ ಆಗಿದ್ದಾರೆ, ಪುಣೆಯಲ್ಲಿ ಭಾನುವಾರ ಟೇಕಡಿ, ಅಂದ್ರೆ ಊರ ಪಕ್ಕದ ಗುಡ್ಡ, ಹತ್ತೋ ನಮ್ಮ ಕನ್ನಡದವರು, ಡೊಂಬಿವಲಿ ಠಾಣೆ ಕಡೆಯ ಟೀಚರ್‌ಗಳು, ವಾಸ್ಕೋ ಮಡಗಾಂವ್ ಕಡೆ ಬಿಎಸ್ಸಿ ಓದ್ತಿರೋ ಹುಡುಗ ಹುಡುಗಿಯರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋದಕ್ಕಿಂತ ಒಂದೇ ಸಲ ಎಲ್ಲಾ ಬರೆದುಬಿಡ್ತೀನಿ. ಒಂದು ಸಲ ಲೋಟ ಇಟ್ಟು ಏನು ಬಿತ್ತು ಅಂತ ನೋಡೋದು ಸುಲಭ, ಮಜಾನೂ ಇರತ್ತೆ. ಅದೇ ಜಾಗದಲ್ಲಿ ಅದೇ ಥರ ಹತ್ತು ವರ್ಷ ಇಡೋದು ಬೇರೆ ಕೆಲಸ, ಈ ಲೇಖನ ಅದರ ಬಗ್ಗೆ. ಇದರಲ್ಲಿ ಜಾಸ್ತಿ ಹಿಡಿದವರಿಗೆ ಏನೂ ಸಿಗಲ್ಲ, ಪ್ರತಿ ವರ್ಷ ಒಂದೇ ಥರ ಹಿಡಿದವರ ಲೆಕ್ಕ ಮಾತ್ರ ಮುಂದೆ ಯಾರಿಗಾದ್ರೂ ಉಪಯೋಗಕ್ಕೆ ಬರತ್ತೆ. ಕೆಳಗಿರೋ ನಿಯಮಗಳಲ್ಲಿ ಅರ್ಧಕ್ಕರ್ಧ ಇದೇ ಕಾರಣಕ್ಕೆ ಇರೋದು.

ಯಾವ ದುಂಬಿ, ಯಾಕೆ ಅದೇ

ಗ್ರೌಂಡ್ ಬೀಟಲ್ ಅಂದ್ರೆ ಕ್ಯಾರಾಬಿಡೇ ಅನ್ನೋ ಕುಟುಂಬದ ದುಂಬಿಗಳು, ಪ್ರಪಂಚದಲ್ಲಿ ಸುಮಾರು 40,000 ಪ್ರಭೇದ ಇವೆ. ಹೆಚ್ಚಿನವು ಕಪ್ಪು ಇಲ್ಲಾ ಕಂದು, ಕೆಲವಕ್ಕೆ ಹಸಿರು ಮಿಂಚು. ಉದ್ದ ಕಾಲು, ಓಟ ಜೋರು. ಹಗಲು ಕಲ್ಲು, ಬಿದ್ದ ಮರ, ತರಗೆಲೆ ಕೆಳಗೆ ಅಡಗಿದ್ದು ರಾತ್ರಿ ಬೇಟೆಗೆ ಹೊರಡೋ ಜಾತಿಗಳೇ ಜಾಸ್ತಿ, ಹುಳ, ಬಸವನಹುಳು, ಗೆದ್ದಲು ಏನು ಸಿಕ್ಕಿದ್ರೂ ತಿಂತವೆ, ಕೆಲವು ಬೀಜಾನೂ ತಿಂತವೆ. ನಮ್ಮ ಕಡೆ ಗುರುತು ಹಿಡಿಯೋಕೆ ಸುಲಭ ಅಂದ್ರೆ ಆಂಥಿಯಾ ಸೆಕ್ಸ್‌ಗಟ್ಟಾಟಾ, ಒಣ ಕುರುಚಲು ಕಾಡಲ್ಲಿ ಕಾಣೋ ದೊಡ್ಡ ಕಪ್ಪು ದುಂಬಿ, ಮೈ ಮೇಲೆ ಆರು ಬಿಳಿ ಚುಕ್ಕೆ. ಇನ್ನೊಂದು ಫೆರೋಪ್ಸೋಫಸ್, ಅಂದ್ರೆ ಬಾಂಬಾರ್ಡಿಯರ್, ಮುಟ್ಟಿದ್ರೆ ಹಿಂಭಾಗದಿಂದ ಕುದಿಯೋ ಅಷ್ಟು ಬಿಸಿ ರಾಸಾಯನಿಕ ಟಪ್ ಅಂತ ಸಿಡಿಸತ್ತೆ.

ಇವನ್ನೇ ಯಾಕೆ ಎಣಿಸೋದು ಅಂದ್ರೆ, ಮಣ್ಣಿನ ತೇವ, ನೆರಳು, ತರಗೆಲೆಯ ದಪ್ಪ ಬದಲಾದ್ರೆ ಇವುಗಳಿಗೆ ಬೇಗ ತಟ್ಟತ್ತೆ. ಹಾರೋಕೆ ಬರದ ಜಾತಿಗಳು ತುಂಬಾ ಇವೆ, ಕಾಡು ತುಂಡಾದ್ರೆ ಆ ಕಡೆ ತುಂಡಿಗೆ ನಡೆದೇ ಹೋಗ್ಬೇಕು, ಮಧ್ಯೆ ರಸ್ತೆ ಬಂದ್ರೆ ಮುಗೀತು. ಮೇಲಾಗಿ ಖರ್ಚು ಕಮ್ಮಿ. ನೆದರ್‌ಲ್ಯಾಂಡ್ಸ್‌ನ ವೈಸ್ಟರ್‌ನಲ್ಲಿ 1959ರಿಂದ ಲೋಟ ಇಟ್ಟು ಲೆಕ್ಕ ಇಡ್ತಿದ್ದಾರೆ. ಜರ್ಮನಿಯ ಲ್ಯೂನೆಬರ್ಗ್ ಕಡೆಯ ಒಂದು ಹಳೇ ಕಾಡಲ್ಲಿ 1994ರಿಂದ 2017ರ ತನಕ, 24 ವರ್ಷ ಇಟ್ಟ ಲೆಕ್ಕದಲ್ಲಿ ಸಂರಕ್ಷಿತ ಜಾಗ ಆಗಿದ್ರೂ ಪ್ರಭೇದಗಳು ಕಮ್ಮಿ ಆಗ್ತಾ ಬಂದಿದ್ದು ಗೊತ್ತಾಯ್ತು. ಮೂರು ವರ್ಷಕ್ಕೆ ನಿಲ್ಲಿಸಿದ್ರೆ ಅದು ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ. ಸಹ್ಯಾದ್ರಿಗೆ ಇಂಥ ಉದ್ದದ ಲೆಕ್ಕ ಬೇಕೇ ಬೇಕು, ಯಾರೋ ಒಬ್ಬರು ಎಲ್ಲೋ ಒಂದು ಕಡೆ ಶುರು ಮಾಡ್ಬೇಕು ಅಷ್ಟೇ.

1. ಪ್ರಶ್ನೆ ಮತ್ತು ಜಾಗ

ಲೋಟ ಕೊಳ್ಳೋಕೆ ಮುಂಚೆ ನಿಮ್ಮ ಪ್ರಶ್ನೆಯನ್ನ ಒಂದೇ ವಾಕ್ಯದಲ್ಲಿ ಬರೀರಿ. "ದೇವರಾಯಿ (ನಮ್ಮ ಕಡೆ ದೇವರಕಾಡು ಅಂತೀವಲ್ಲ ಅದು) ಒಳಗೂ ಅದರ ಪಕ್ಕದಲ್ಲಿ ಕಡಿದು ಮತ್ತೆ ಬೆಳೆದ ಕಾಡಲ್ಲೂ ದುಂಬಿಗಳು ವರ್ಷ ಕಳೆದ ಹಾಗೆ ಒಂದೇ ಥರ ಬದಲಾಗ್ತವಾ" ಅಂತ ಬರೆದ್ರೆ ಅದು ಪ್ರಶ್ನೆ. "ತಾಮ್ಹಿಣಿಯಲ್ಲಿ ಏನೇನಿದೆ ನೋಡೋಣ" ಅನ್ನೋದು ಪಿಕ್ನಿಕ್ಕು.

ಜಾಗ ಆರಿಸುವಾಗ ಚೆಂದದ ಕಾಡಿಗಿಂತ ಜುಲೈ ತಿಂಗಳ ಮಳೆಯಲ್ಲೂ ತಲುಪೋಕೆ ಆಗೋ ಕಾಡು ಮುಖ್ಯ. ಭೀಮಾಶಂಕರ ತಾಮ್ಹಿಣಿ ಎರಡೂ ಅದ್ಭುತ, ಆದ್ರೆ ಘಾಟ್ ರಸ್ತೆಯಲ್ಲಿ ಗುಡ್ಡ ಕುಸಿದ ವಾರ ನಿಮ್ಮ ಲೋಟಗಳು ತುಂಬಿ ಕೊಳೀತಿರ್ತವೆ, ನೀವು ಚಾಂದಣಿ ಚೌಕ್‌ನಲ್ಲಿ ಟ್ರಾಫಿಕ್ ನೋಡ್ತಾ ಕೂತಿರ್ತೀರಿ. ಮುಂದಿನ ಹತ್ತು ವರ್ಷ ಆ ಜಾಗ ಹಾಗೇ ಉಳಿಯತ್ತಾ ಅಂತಾನೂ ವಿಚಾರಿಸಿ, ರೋಡು, ರೆಸಾರ್ಟು, ಪ್ಲಾಂಟೇಶನ್ನು ಏನಾದ್ರೂ ಪ್ಲಾನ್ ಇದೆಯಾ ಅಂತ. ಈ ದೃಷ್ಟಿಯಿಂದ ನನಗೆ ದೇವರಾಯಿಗಳು ತುಂಬಾ ಒಳ್ಳೇ ಜಾಗ ಅನ್ಸತ್ತೆ. ಪುಣೆ ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಸುಮಾರು ಇವೆ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಸ್ಯಶಾಸ್ತ್ರಜ್ಞ ವರ್ತಕ್ 1970ರ ದಶಕದಲ್ಲೇ ಮಹಾರಾಷ್ಟ್ರದ ದೇವರಾಯಿಗಳ ಬಗ್ಗೆ ಕೆಲಸ ಮಾಡಿದ್ರು. ಊರವರು ಕಾಯ್ಕೊಂಡು ಬಂದಿರೋ ಕಾಡು, ಊರವರೇ ನಿಮ್ಮ ಲೋಟಗಳನ್ನೂ ಕಾಯ್ತಾರೆ, ಮೊದಲು ಹೋಗಿ ಕೂತು ಮಾತಾಡಿದ್ರೆ.

ಕಾಡಿನ ಅಂಚಿಂದ ಕಮ್ಮಿ ಅಂದ್ರೂ 50 ಮೀಟರ್ ಒಳಗೆ ಹೋಗಿ, ಅಂಚಲ್ಲಿ ಹೊಲದ ದುಂಬಿಗಳೂ ಬೀಳ್ತವೆ. ಒಂದು ಪ್ಲಾಟ್‌ನಲ್ಲಿ 5 ಲೋಟ, ನೇರ ಸಾಲಲ್ಲಿ, ಒಂದೊಂದರ ಮಧ್ಯೆ 10 ಮೀಟರ್. ಹತ್ತಿರ ಹತ್ತಿರ ಇಟ್ರೆ ಒಂದು ಲೋಟ ಪಕ್ಕದ ಲೋಟದ ದುಂಬಿ ಕಸ್ಕೊಳ್ಳತ್ತೆ. ಒಂದೊಂದು ಥರದ ಕಾಡಿಗೆ ಮೂರು ಪ್ಲಾಟ್ ಆದ್ರೂ ಬೇಕು, ಅವು ಒಂದಕ್ಕೊಂದು ಇನ್ನೂರು ಮೀಟರ್ ದೂರ ಇರ್ಲಿ. ಇಲ್ಲೇ ಜನ ಎಡವೋದು: ಒಂದೇ ಪ್ಲಾಟ್‌ನಲ್ಲಿ 15 ಲೋಟ ಇಟ್ಟು 15 ಸ್ಯಾಂಪಲ್ ಅಂತ ಬರೀತಾರೆ. ಒಂದೇ ಮನೆಯ ಐದು ಜನ ಹೇಳಿದ ಸಾಕ್ಷಿ ಐದಾಗಲ್ಲ, ಒಂದೇ. ಲೆಕ್ಕದಲ್ಲಿ ಯೂನಿಟ್ ಅಂದ್ರೆ ಪ್ಲಾಟು, ಲೋಟ ಅಲ್ಲ.

ಮರಗಳ ಕೆಳಗೆ ಫೋನಿನ ಜಿಪಿಎಸ್ ಹತ್ತು ಮೀಟರ್ ಆಚೀಚೆ ತೋರಿಸೋದು ಸಾಮಾನ್ಯ, ಅದನ್ನೇ ನಂಬಿದ್ರೆ ಮುಂದಿನ ವರ್ಷ ಹುಡುಕೋದೇ ಕೆಲಸ ಆಗತ್ತೆ. ಒಂದು ದೊಡ್ಡ ಮರ ಅಥವಾ ಬಂಡೆಯಿಂದ ಎಷ್ಟು ಮೀಟರ್, ಕಂಪಾಸ್‌ನಲ್ಲಿ ಎಷ್ಟು ಡಿಗ್ರಿ ಅಂತ ಬರೆದಿಡಿ, ಫೋಟೋನೂ ತೆಗೀರಿ. ಮರಕ್ಕೆ ಮೊಳೆ ಹೊಡೀಬೇಡಿ. ಕೆಂಪು ರಿಬ್ಬನ್ನೂ ಬೇಡ, ಮಂಗಗಳಿಗೂ ಟ್ರೆಕ್ಕಿಂಗ್ ಬಂದೋರಿಗೂ ಅದು ಬಾ ನೋಡು ಅಂತ ಕರೆದ ಹಾಗೆ.

2. ಪರ್ಮಿಷನ್

ಹುಳ ತಾನೇ, ಯಾರು ಕೇಳ್ತಾರೆ ಅನ್ನೋ ಮಾತು ಬಿಟ್ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಒಳಗೆ ಅಧ್ಯಯನಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ, ಅಂದ್ರೆ ಚೀಫ್ ವೈಲ್ಡ್‌ಲೈಫ್ ವಾರ್ಡನ್ ಅವರ ಅನುಮತಿ ಬೇಕು. ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ತುಂಗಾರೇಶ್ವರ, ಪುಣೆ ಕಡೆ ಭೀಮಾಶಂಕರ, ಗೋವಾದಲ್ಲಿ ಮೊಲ್ಲೆಮ್, ಕೋಟಿಗಾಂವ್, ಮ್ಹಾದೇಯಿ ಎಲ್ಲಾ ಇದರಲ್ಲೇ ಬರ್ತವೆ. ಮಹಾರಾಷ್ಟ್ರಕ್ಕೆ ಆ ಆಫೀಸು ನಾಗಪುರದಲ್ಲಿದೆ, ಗೋವಾಕ್ಕೆ ಪಣಜಿ. ಮೀಸಲು ಅರಣ್ಯ ಆದ್ರೆ ಆ ಅರಣ್ಯ ವಿಭಾಗದ ಡಿಸಿಎಫ್, ಅಂದ್ರೆ ಉಪ ಅರಣ್ಯ ಸಂರಕ್ಷಣಾಧಿಕಾರಿ, ಆಫೀಸಲ್ಲಿ ಕೇಳಿ. ಪುಣೆಯ ಟೇಕಡಿಗಳಲ್ಲಿ ಯಾವ ಭಾಗ ಯಾರದ್ದು ಅಂತ ಮೊದಲು ತಿಳ್ಕೊಳ್ಳಿ, ಒಂದೇ ಗುಡ್ಡದಲ್ಲಿ ಒಂದು ಬದಿ ಅರಣ್ಯ ಇಲಾಖೆಯದ್ದು, ಇನ್ನೊಂದು ಬದಿ ಬೇರೆಯವರದ್ದು ಇರಬಹುದು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಈ ಕಾಯ್ದೆಯ ಹಳೇ ಶೆಡ್ಯೂಲ್ 2ರಲ್ಲಿ, ಅಂದ್ರೆ ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಯಲ್ಲಿ, ಕ್ಯಾರಾಬಿಡ್ ದುಂಬಿಗಳ ಹೆಸರೂ ಇದ್ದವು, ನಮ್ಮ ಕೆನರಾ ಹೆಸರು ಹೊತ್ತ ಕ್ಲೇನಿಯಸ್ ಕನಾರೇ ಕೂಡ. 2022ರ ತಿದ್ದುಪಡಿಯಲ್ಲಿ ಶೆಡ್ಯೂಲ್‌ಗಳನ್ನ ಹೊಸದಾಗಿ ಬರೆದಿದ್ದಾರೆ, ಹಾಗಾಗಿ ಈಗಿನ ಪಟ್ಟಿ ತೆಗೆದು ನೋಡಿ ಅರ್ಜಿ ಹಾಕಿ. ಸತ್ತ ದುಂಬಿಯನ್ನ ಗುರುತಿಸೋಕೆ ಅಂತ ವಿದೇಶದ ತಜ್ಞರಿಗೆ ಕೊರಿಯರ್ ಮಾಡೋದಂತೂ ಬೇಡ್ವೇ ಬೇಡ, ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳು ಬೇರೆ ಇವೆ.

ಒಬ್ಬರೇ ಅರ್ಜಿ ಹಾಕೋದಕ್ಕಿಂತ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮೂಲಕ ಹಾಕಿ. ತಿಂಗಳುಗಟ್ಟಲೆ ಹಿಡಿಯಬಹುದು, ಮಳೆಗಾಲಕ್ಕೆ ಶುರು ಮಾಡ್ಬೇಕು ಅಂದ್ರೆ ದೀಪಾವಳಿ ಹೊತ್ತಿಗೇ ಅರ್ಜಿ ಹೋಗಿರ್ಬೇಕು. ಪರ್ಮಿಷನ್ ಎಷ್ಟು ವರ್ಷಕ್ಕೆ ಅಂತ ನೋಡ್ಕೊಂಡು, ರಿನ್ಯೂವಲ್ ತಾರೀಕನ್ನ ಕ್ಯಾಲೆಂಡರ್‌ನಲ್ಲಿ ಹಾಕ್ಕೊಳ್ಳಿ.

3. ಒಣ ಲೋಟವಾ, ದ್ರಾವಣದ ಲೋಟವಾ

ಈ ಥರ ನೆಲಮಟ್ಟಕ್ಕೆ ಹೂತಿಟ್ಟ ಲೋಟಕ್ಕೆ ಪಿಟ್‌ಫಾಲ್ ಟ್ರ್ಯಾಪ್ ಅಂತಾರೆ. ಒಣ ಲೋಟದಲ್ಲಿ ದುಂಬಿ ಜೀವಂತ ಸಿಗತ್ತೆ, ಫೋಟೋ ತೆಗೆದು ಎಣಿಸಿ ಬಿಟ್ಬಿಡಬಹುದು. ದ್ರಾವಣದ ಲೋಟದಲ್ಲಿ ಸಾಯತ್ತೆ, ಆದ್ರೆ ಕೊಳೆಯಲ್ಲ, ವಾರಕ್ಕೊಮ್ಮೆ ಹೋದ್ರೆ ಸಾಕು, ಪ್ರಭೇದ ಸರಿಯಾಗಿ ಗುರುತಿಸಬಹುದು.

ನನ್ನ ಅಭಿಪ್ರಾಯ ಕೇಳಿದ್ರೆ, ವಾಲಂಟಿಯರ್ ಗುಂಪು, ಟೀಚರ್‌ಗಳು, ಸೊಸೈಟಿ ಹಿಂದಿನ ಗುಡ್ಡದವರು ಎಲ್ಲಾ ಒಣ ಲೋಟನೇ ಇಡಿ. ದ್ರಾವಣ ಇಡೋದು ಪರ್ಮಿಷನ್ನು, ಮೈಕ್ರೋಸ್ಕೋಪು, ಸ್ಯಾಂಪಲ್ ಇಡೋ ಜಾಗ ಮೂರೂ ಇರೋವ್ರು ಮಾತ್ರ. ಕೊಂದು ತಂದ ದುಂಬಿ ಡಬ್ಬಿಯಲ್ಲೇ ಕೂತು ಯಾರೂ ತೆಗೆದು ನೋಡದೇ ಇದ್ರೆ ಅದು ಸುಮ್ನೆ ಕೊಂದ ಹಾಗಾಯ್ತು.

ಒಂದು ಸಲ ಯಾವುದು ಅಂತ ಆರಿಸಿದ ಮೇಲೆ ಮಧ್ಯದಲ್ಲಿ ಬದಲಾಯಿಸಬೇಡಿ. ಬದಲಾಯಿಸಲೇಬೇಕಾಗಿ ಬಂದ್ರೆ ಒಂದು ಪೂರ್ತಿ ವರ್ಷ ಹಳೇದು ಹೊಸದು ಎರಡನ್ನೂ ಅಕ್ಕಪಕ್ಕದ ಸಾಲಲ್ಲಿ ನಡೆಸಿ, ಆಗ ಎರಡರ ಲೆಕ್ಕ ಕೂಡಿಸೋಕೆ ದಾರಿ ಇರತ್ತೆ.

4. ಸಾಮಾನು ಮತ್ತು ಗುಂಡಿ

ಬೇಕಾಗೋದು ಇಷ್ಟು: ಬಾಯಿ 7ರಿಂದ 9 ಸೆಂಟಿಮೀಟರ್ ಅಗಲ, 10ರಿಂದ 12 ಸೆಂಟಿಮೀಟರ್ ಆಳದ ಪ್ಲಾಸ್ಟಿಕ್ ಲೋಟ, ಒಂದೊಂದು ಗುಂಡಿಗೆ ಎರಡೆರಡು. ಮುಚ್ಚಳ. ಮಳೆ ತಡೆಯೋಕೆ 20 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಶೀಟು, ಅದಕ್ಕೆ ಕಾಲು ಅಂತ ಉದ್ದದ ಮೊಳೆ ಅಥವಾ ದಪ್ಪ ತಂತಿ. ಸಣ್ಣ ಹಾರೆ, ಕೈ ಗರಗಸ ಬೇರು ಕತ್ತರಿಸೋಕೆ, ಚಹಾ ಸೋಸೋ ಜರಡಿ, ಉದ್ದ ಇಕ್ಕಳ, ಪೆನ್ಸಿಲ್. ಪುಣೆಯಲ್ಲಾದ್ರೆ ಬೋಹರಿ ಆಳಿಯಲ್ಲಿ ಹಾರ್ಡ್‌ವೇರ್, ಪ್ಲಾಸ್ಟಿಕ್ ಎಲ್ಲಾ ಒಂದೇ ಸುತ್ತಲ್ಲಿ ಮುಗಿಯತ್ತೆ. ಮುಂಬೈನವರಿಗೆ ಕೆಮಿಕಲ್ಲು ಗಾಜಿನ ಶೀಶೆ ಎಲ್ಲಾ ಪ್ರಿನ್ಸೆಸ್ ಸ್ಟ್ರೀಟ್‌ನಲ್ಲಿ ಸಿಗತ್ತೆ. ಲೋಟ ಮಾತ್ರ ಒಂದೇ ಸಲ ಹತ್ತು ವರ್ಷಕ್ಕೆ ಸಾಕಾಗೋಷ್ಟು ತಗೊಂಡುಬಿಡಿ, ಅದೇ ಅಳತೆ ನಾಲ್ಕು ವರ್ಷ ಆದ್ಮೇಲೆ ಸಿಗತ್ತೆ ಅಂತ ಗ್ಯಾರಂಟಿ ಇಲ್ಲ, ಬಾಯಿಯ ಅಗಲ ಬದಲಾದ್ರೆ ಬೀಳೋ ದುಂಬಿಯ ಲೆಕ್ಕಾನೂ ಬದಲಾಗತ್ತೆ.

ಎರಡು ಲೋಟ ಯಾಕೆ ಅಂದ್ರೆ, ಹೊರಗಿನದು ಮಣ್ಣಲ್ಲೇ ಉಳಿಯತ್ತೆ, ಒಳಗಿನದನ್ನ ಎತ್ತಿ ಖಾಲಿ ಮಾಡ್ತೀರಿ, ಪ್ರತಿ ಸಲ ಮಣ್ಣು ಕೆದಕೋ ಅಗತ್ಯ ಇರಲ್ಲ. ಹೊರ ಲೋಟದ ಬದಲು ಪಿವಿಸಿ ಪೈಪಿನ ತುಂಡು ಹಾಕಿದ್ರೆ ವರ್ಷಗಟ್ಟಲೆ ಬಾಳಿಕೆ ಬರತ್ತೆ. ಪುಣೆ ಕಡೆ ಬಸಾಲ್ಟ್ ಬಂಡೆ ಮೇಲೆ ಮಣ್ಣು ತೆಳು, ಗೋವಾದಲ್ಲಿ ಮುರಕಲ್ಲು, ಎರಡು ಕಡೆಯೂ ಹಾರೆ ಟಣ್ ಅನ್ನತ್ತೆ. ಹಾಗಾದಾಗ ಸಾಲಿನ ಮೇಲೇ ಒಂದು ಮೀಟರ್ ಒಳಗೆ ಮಣ್ಣಿರೋ ಜಾಗ ಹುಡುಕಿ, ಎಷ್ಟು ಸರಿಸಿದ್ರಿ ಅಂತ ಬರೀರಿ, ಆಳ ಕಮ್ಮಿ ಮಾಡಿ ಅಡ್ಜಸ್ಟ್ ಮಾಡ್ಕೋಬೇಡಿ.

ಲೋಟದ ಅಂಚು ನೆಲಕ್ಕೆ ಸಮ ಇರ್ಬೇಕು, ಅಥವಾ ಕೂದಲೆಳೆಯಷ್ಟು ಕೆಳಗೆ. ಎರಡು ಮೂರು ಮಿಲಿಮೀಟರ್ ಮೇಲೆ ಬಂದ್ರೂ ಸಣ್ಣ ದುಂಬಿ ಅಂಚು ಮುಟ್ಟಿ ಪಕ್ಕಕ್ಕೆ ತಿರುಗಿ ಹೋಗ್ಬಿಡತ್ತೆ. ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ, ಬೆರಳನ್ನ ಮಣ್ಣಿಂದ ಲೋಟದೊಳಕ್ಕೆ ಎಳೆದು ನೋಡಿ, ಎಲ್ಲೂ ತಡೀಬಾರ್ದು. ಒಂದು ದೊಡ್ಡ ಮಳೆ ಬಿದ್ರೆ ಸುತ್ತಲ ಮಣ್ಣು ಕುಸಿದು ಅಂಚು ಮೇಲೆ ಎದ್ದಿರತ್ತೆ, ಹಾಗಾಗಿ ಪ್ರತಿ ಸಲ ಈ ಬೆರಳು ಪರೀಕ್ಷೆ ಮಾಡ್ಲೇಬೇಕು. ಸುತ್ತಲಿನ ತರಗೆಲೆ ಹುಲ್ಲು ಕಿತ್ತು ಚೊಕ್ಕಟ ಮಾಡೋ ಅಭ್ಯಾಸ ಕೆಲವರಿಗಿದೆ, ಬೇಡ, ಬಯಲಲ್ಲಿ ದುಂಬಿ ಓಡೋ ರೀತಿನೇ ಬೇರೆ.

ಗುಂಡಿ ತೋಡಿದ ತಕ್ಷಣ ಲೋಟ ತೆರೀಬೇಡಿ. ಹೊಸದಾಗಿ ಅಗೆದ ಮಣ್ಣಿಗೆ ಮೊದಲ ಕೆಲವು ದಿನ ದುಂಬಿಗಳು ಜಾಸ್ತಿ ಬರ್ತವೆ, ಇದಕ್ಕೆ ಡಿಗ್ಗಿಂಗ್ ಇನ್ ಎಫೆಕ್ಟ್ ಅಂತಾರೆ. ಮುಚ್ಚಳ ಹಾಕಿ ಒಂದೆರಡು ವಾರ ಬಿಡಿ, ಮಣ್ಣು ಕೂರ್ಲಿ.

ಮಳೆ ಛಾವಣಿ ನೆಲದಿಂದ ಮೂರು ಸೆಂಟಿಮೀಟರ್ ಎತ್ತರ. ಸಹ್ಯಾದ್ರಿಯ ಮಳೆಗೆ ಅದೊಂದೇ ಸಾಲದು, ಇಳಿಜಾರಲ್ಲಿ ನೀರು ನೆಲದ ಮೇಲೇ ಹರಿದು ಲೋಟಕ್ಕೆ ನುಗ್ಗತ್ತೆ. ಒಳ ಲೋಟದ ಅಂಚಿಂದ ಎರಡು ಸೆಂಟಿಮೀಟರ್ ಕೆಳಗೆ ನಾಲ್ಕು ತೂತು ಮಾಡಿ ಒಳಗಿಂದ ಸಣ್ಣ ಕಣ್ಣಿನ ಜಾಲರಿ ಅಂಟಿಸಿ, ಹೊರ ಲೋಟದ ತಳಕ್ಕೂ ತೂತು ಹಾಕಿ. ನೀರು ತುಂಬಿದ್ರೂ ದುಂಬಿ ತೇಲಿ ಆಚೆ ಹೋಗಲ್ಲ. ಮೇಲ್ಬದಿಗೆ ಅರ್ಧ ಅಡಿ ದೂರದಲ್ಲಿ ಸಣ್ಣ ಕಾಲುವೆ ತೋಡೋಣ ಅನ್ಸತ್ತೆ, ತೋಡ್ಬೇಡಿ, ಅದು ದುಂಬಿಗಳ ದಾರಿನೇ ಬದಲಾಯಿಸತ್ತೆ.

ದ್ರಾವಣ ಇಡೋವ್ರಿಗೆ: ಪ್ರೊಪಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧರ್ಧ, ಲೋಟದ ಮೂರನೇ ಒಂದು ಭಾಗ, ಜೊತೆಗೆ ವಾಸನೆ ಇಲ್ಲದ ಪಾತ್ರೆ ತೊಳೆಯೋ ಸೋಪಿನ ಒಂದು ಹನಿ, ಇಲ್ಲಾಂದ್ರೆ ಸಣ್ಣ ದುಂಬಿ ಮುಳುಗದೇ ಮೇಲೇ ಓಡಾಡತ್ತೆ. ಎಥಿಲೀನ್ ಗ್ಲೈಕಾಲ್, ಅಂದ್ರೆ ಕಾರಿನ ಕೂಲೆಂಟ್‌ನಲ್ಲಿ ಇರೋದು, ಹಾಕ್ಲೇಬೇಡಿ. ಅದು ಸಿಹಿ, ಪ್ರಾಣಿಗಳು ಕುಡಿದು ಸಾಯ್ತವೆ. ಫಾರ್ಮಲಿನ್ನೂ ಬೇಡ, ನಿಮ್ಮ ಆರೋಗ್ಯಕ್ಕೇ ಕೆಟ್ಟದ್ದು. ಬಿಯರ್, ವಿನೆಗರ್ ಹಾಕಬಹುದಾ ಅಂತಾನೂ ಕೇಳ್ತಾರೆ, ಗೋವಾದವರು ಫೆಣಿ ಹಾಕಬಹುದಾ ಅಂತಾರೆ. ಬೇಡ. ವಾಸನೆಗೆ ದೂರದಿಂದ ಬರೋ ಜಾತಿಗಳೇ ತುಂಬಿ ಲೆಕ್ಕ ಕೆಡತ್ತೆ, ಫೆಣಿನೂ ದಂಡ.

ಇನ್ನು ಕಪ್ಪೆ, ಹಾವುರಾಣಿ, ಮೂಗಿಲಿ. ಮಳೆಗಾಲದಲ್ಲಿ ಇವು ಬೀಳೋದು ನಿಜವಾದ ಸಮಸ್ಯೆ. ಬಾಯಿಗೆ ಒಂದೂವರೆ ಎರಡು ಸೆಂಟಿಮೀಟರ್ ಕಣ್ಣಿನ ತಂತಿ ಜಾಲರಿ ಹಾಕಿ, ದೊಡ್ಡ ದುಂಬಿಗೂ ಅದರಲ್ಲಿ ಜಾಗ ಇರತ್ತೆ. ಮೊದಲ ದಿನದಿಂದಲೇ ಎಲ್ಲಾ ಲೋಟಕ್ಕೂ ಹಾಕಿ. ಒಣ ಲೋಟದ ಗೋಡೆಗೆ ದಾರ ಇಳಿಬಿಟ್ರೆ ಕಪ್ಪೆ ಹತ್ತಿ ಬರಬಹುದು ಅಂತಾರೆ, ದುಂಬಿನೂ ಹತ್ತಿ ಹೋಗತ್ತೆ, ಹಾಗಾಗಿ ಜಾಲರಿನೇ ವಾಸಿ.

5. ಯಾವಾಗ ತೆರೆಯೋದು

ವರ್ಷಪೂರ್ತಿ ಇಡೋಕೆ ಯಾರ ಕೈಲೂ ಆಗಲ್ಲ. ನಾನು ಹೇಳೋದು ನಾಲ್ಕು ಸುತ್ತು: ಮೇ ಮಧ್ಯ, ಜೂನ್ ಕೊನೆ, ಸೆಪ್ಟೆಂಬರ್ ಕೊನೆ, ಡಿಸೆಂಬರ್. ಜೂನ್ ಸುತ್ತನ್ನ ತಾರೀಕಿಗೆ ಕಟ್ಟೋದಾ, ಮಳೆ ಶುರುವಾದ ಇಷ್ಟು ದಿನಕ್ಕೆ ಅಂತ ಕಟ್ಟೋದಾ ಅನ್ನೋದು ಹಳೇ ಜಗಳ. ತಾರೀಕಿಗೆ ಕಟ್ಟಿ, ಮಳೆ ಯಾವತ್ತು ಶುರುವಾಯ್ತು ಅಂತ ಪಕ್ಕದಲ್ಲಿ ಬರೀರಿ. ಮಳೆ ತಡವಾಗಿದ್ದಕ್ಕೇ ದುಂಬಿ ಕಮ್ಮಿ ಇತ್ತಾ ಅಂತ ಆಮೇಲೆ ಲೆಕ್ಕದಲ್ಲಿ ನೋಡಬಹುದು.

ದ್ರಾವಣದ ಲೋಟವನ್ನ ಹೊರದೇಶಗಳಲ್ಲಿ ಸಾಮಾನ್ಯವಾಗಿ 14 ದಿನ ಬಿಡ್ತಾರೆ, ಅಮೆರಿಕದಲ್ಲಿ ಪರಿಸರದ ಲೆಕ್ಕ ಇಡೋ ನಿಯಾನ್ (NEON) ಅನ್ನೋ ದೊಡ್ಡ ನೆಟ್‌ವರ್ಕ್ ಕೂಡ ಹಾಗೇ. ನಮ್ಮ ಮಳೆಗೆ ಏಳು ದಿನ ಸಾಕು, ಅದಕ್ಕಿಂತ ಜಾಸ್ತಿ ಬಿಟ್ರೆ ದ್ರಾವಣ ತೆಳುವಾಗಿ ಎಲ್ಲಾ ಕೊಳೆಯತ್ತೆ. ಒಣ ಲೋಟ ಒಂದು ಸುತ್ತಿಗೆ ಮೂರು ರಾತ್ರಿ, ಸಂಜೆ ತೆರೆದು ಮರುದಿನ ಬೆಳಿಗ್ಗೆ ಎಂಟರೊಳಗೆ ನೋಡ್ಬೇಕು. ಬಿಸಿಲು ಏರಿದ್ರೆ ಒಳಗಿನವು ಸಾಯ್ತವೆ, ತಡ ಮಾಡಿದಷ್ಟೂ ದೊಡ್ಡದು ಚಿಕ್ಕದನ್ನ ತಿಂದು ಮುಗಿಸಿರತ್ತೆ. ಲೋಟದೊಳಗೆ ಎರಡು ತರಗೆಲೆ, ನಾಲ್ಕು ಕಲ್ಲಿನ ಚೂರು ಹಾಕಿಡಿ, ಅಡಗೋಕೆ ಜಾಗ ಆಗತ್ತೆ. ಸುತ್ತು ಮುಗಿದ ಮೇಲೆ ಮುಚ್ಚಳ ಬಿಗಿಯಾಗಿ ಹಾಕೋದನ್ನ ಮಾತ್ರ ಮರೀಬೇಡಿ, ತೆರೆದೇ ಬಿಟ್ಟ ಲೋಟ ತಿಂಗಳುಗಟ್ಟಲೆ ಸುಮ್ನೆ ಕೊಲ್ತಾ ಇರತ್ತೆ.

6. ತೆಗೆಯೋ ದಿನ

ಛಾವಣಿ ಎತ್ತೋಕೆ ಮುಂಚೆ ಉದ್ದ ಕೋಲಿಂದ ಸರಿಸಿ ನೋಡಿ. ತಂಪು ನೆರಳು, ಕೆಳಗೆ ಕಪ್ಪೆ, ಇದಕ್ಕಿಂತ ಒಳ್ಳೇ ಜಾಗ ಹಾವಿಗೆ ಇನ್ನೇನು ಬೇಕು. ಕೊಂಕಣದಲ್ಲಿ ಫುರಸೆ, ಅಂದ್ರೆ ಗರಗಸ ಮಂಡಲ, ಅಂಗೈ ಅಗಲದ ಜಾಗದಲ್ಲಿ ಸುರುಳಿ ಸುತ್ತಿ ಕೂತಿರತ್ತೆ. ಚೇಳು, ಜರಿಹುಳ ಲೋಟದೊಳಗೇ ಇರ್ತವೆ, ಕೈ ಹಾಕ್ಬೇಡಿ, ಇಕ್ಕಳ ಇರೋದು ಅದಕ್ಕೇ. ಕನ್ನಡಕ ಹಾಕ್ಕೊಳ್ಳಿ, ಆಂಥಿಯಾ ಫಾರ್ಮಿಕ್ ಆಸಿಡ್ ಚಿಮ್ಮಿಸತ್ತೆ, ಬಾಂಬಾರ್ಡಿಯರ್ ಸಿಡಿಸಿದ್ದು ಬೆರಳಿಗೆ ಬಿದ್ರೆ ಕಂದು ಕಲೆ ಕೆಲವು ದಿನ ಹೋಗಲ್ಲ, ಕಣ್ಣಿಗೆ ಬಿದ್ರೆ ತಮಾಷೆ ಅಲ್ಲ. ಬೊರಿವಲಿ, ಯೇವೂರ್ ಕಡೆ ಚಿರತೆ ಇರೋ ಕಾಡು, ಬೆಳಗಾಗೋ ಮುಂಚೆ ಒಬ್ಬರೇ ಹೋಗಿ ಬಗ್ಗಿ ಕೂರ್ಬೇಡಿ. ಗೋವಾದ ಸತ್ತರಿ, ಸಿಂಧುದುರ್ಗದ ದೋಡಾಮಾರ್ಗ ಕಡೆ ಉಣ್ಣೆಯಿಂದ ಹರಡೋ ಮಂಗನ ಕಾಯಿಲೆ ಬಂದಿದೆ, 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರಲ್ಲಿ ಮೊದಲು ಗೊತ್ತಾಗಿದ್ದು ಅದೇ. ಡಿಸೆಂಬರ್ ಮತ್ತು ಮೇ ಸುತ್ತಲ್ಲಿ ಪೂರ್ತಿ ಮೈ ಮುಚ್ಚೋ ಬಟ್ಟೆ, ಮನೆಗೆ ಬಂದ ತಕ್ಷಣ ಸ್ನಾನ, ಜ್ವರ ಬಂದ್ರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳೋದು, ಇಷ್ಟನ್ನ ಸೋಮಾರಿತನ ಇಲ್ಲದೆ ಮಾಡಿ.

ದ್ರಾವಣದ ಲೋಟವನ್ನ ಜರಡಿಗೆ ಬಗ್ಗಿಸಿ, ನೀರಲ್ಲಿ ಮೆಲ್ಲಗೆ ತೊಳೆದು, ಶೀಶೆಗೆ ಹಾಕಿ 70ರಿಂದ 80 ಪರ್ಸೆಂಟ್ ಆಲ್ಕೋಹಾಲ್ ತುಂಬಿ. ಒಂದು ಲೋಟ, ಒಂದು ಶೀಶೆ, ಬೆರೆಸಬಾರ್ದು. ಚೀಟಿ ಶೀಶೆಯ ಒಳಗೆ ಹಾಕಿ, ಹೊರಗೆ ಅಂಟಿಸಿದ್ದು ಮುಂಬೈ ಹವೆಗೆ ಉದುರತ್ತೆ. ಪೆನ್ಸಿಲಲ್ಲಿ ಬರೀರಿ, ಬಾಲ್ ಪೆನ್ನಿನ ಇಂಕು ಆಲ್ಕೋಹಾಲ್‌ನಲ್ಲಿ ಕರಗಿ ಹೋಗತ್ತೆ. ಜಾಗ, ಪ್ಲಾಟ್ ನಂಬರು, ಲೋಟದ ನಂಬರು, ತೆರೆದ ತಾರೀಕು, ತೆಗೆದ ತಾರೀಕು, ತೆಗೆದವರ ಹೆಸರು. ಹಳೇ ದ್ರಾವಣವನ್ನ ಕ್ಯಾನಲ್ಲಿ ವಾಪಸ್ ತನ್ನಿ, ತೊರೆಗೆ ಸುರೀಬೇಡಿ.

ಒಣ ಲೋಟದವರು ಫೋಟೋ ಸರಿಯಾಗಿ ತೆಗೀರಿ: ಮೇಲಿಂದ, ಪಕ್ಕದಿಂದ, ಹೊಟ್ಟೆ ಕಡೆಯಿಂದ, ಕೆಳಗೆ ಗ್ರಾಫ್ ಪೇಪರ್ ಇಟ್ಟು. ಮೇಲಿನದೊಂದೇ ಫೋಟೋ ಇದ್ರೆ ಯಾವ ತಜ್ಞರೂ ಗುರುತು ಹೇಳೋಕಾಗಲ್ಲ. ಆಮೇಲೆ ಲೋಟದಿಂದ ಐದಾರು ಮೀಟರ್ ದೂರದಲ್ಲಿ ತರಗೆಲೆ ಕೆಳಗೆ ಬಿಡಿ.

7. ಬೇರ್ಪಡಿಸೋದು, ಗುರುತಿಸೋದು

ಮೊದಲ ಜರಡಿ: ಇದು ಕ್ಯಾರಾಬಿಡ್ ಹೌದಾ? ಮೀಸೆ ದಾರದ ಥರ, 11 ಗೆಣ್ಣು. ಎಲ್ಲಾ ಕಾಲಿನ ಪಾದದಲ್ಲೂ ಐದೈದು ಗೆಣ್ಣು. ಹೊಟ್ಟೆ ಕಡೆ ತಿರುಗಿಸಿದ್ರೆ ಹಿಂಗಾಲಿನ ಬುಡದ ತಟ್ಟೆ ಹೊಟ್ಟೆಯ ಮೊದಲ ಪಟ್ಟಿಯನ್ನ ಎರಡು ಭಾಗ ಮಾಡಿರತ್ತೆ. ಜನ ಜಾಸ್ತಿ ಮೋಸ ಹೋಗೋದು ಡಾರ್ಕ್‌ಲಿಂಗ್ ಬೀಟಲ್‌ಗಳ ಹತ್ತಿರ, ಅವೂ ಕಪ್ಪು, ಅವೂ ನೆಲದ ಮೇಲೇ. ಅವುಗಳ ಹಿಂಗಾಲಿನ ಪಾದದಲ್ಲಿ ನಾಲ್ಕೇ ಗೆಣ್ಣು, ಮೀಸೆ ಮಣಿಸರದ ಥರ, ನಡಿಗೆನೂ ನಿಧಾನ. ಮೀಸೆ ತುದಿಯಲ್ಲಿ ಬೀಸಣಿಗೆ ಇದ್ರೆ ಸಗಣಿ ಹುಳದ ಬಳಗ. ಬೆನ್ನಿನ ಚಿಪ್ಪು ಗಿಡ್ಡ, ಹೊಟ್ಟೆ ಆಚೆ ಕಾಣ್ತಿದ್ರೆ ರೋವ್ ಬೀಟಲ್. ಟೈಗರ್ ಬೀಟಲ್‌ಗಳನ್ನ ಕೆಲವರು ಇದೇ ಕುಟುಂಬಕ್ಕೆ ಸೇರಿಸ್ತಾರೆ, ಕೆಲವರು ಬೇರೆ ಅಂತಾರೆ, ನೀವು ಬೇರೆ ಕಾಲಂನಲ್ಲಿ ಎಣಿಸಿಡಿ.

ಪ್ರಭೇದದ ಹೆಸರು ಗೊತ್ತಾಗಲಿಲ್ಲ ಅಂತ ಕೂರ್ಬೇಡಿ. ಬೇರೆ ಬೇರೆ ಕಾಣೋದಕ್ಕೆ ಒಂದೊಂದು ಕೋಡ್ ಕೊಡಿ, ಕ್ಲೇನಿಯಸ್ 1, ಕ್ಲೇನಿಯಸ್ 2 ಅಂತ, ಇದಕ್ಕೆ ಮಾರ್ಫೋಸ್ಪೀಷೀಸ್ ಅಂತಾರೆ, ಅಂದ್ರೆ ರೂಪ ನೋಡಿ ಬೇರ್ಪಡಿಸಿದ ಗುಂಪು. ಒಂದೊಂದು ಕೋಡಿಗೂ ಫೋಟೋ, ದ್ರಾವಣದವರಾದ್ರೆ ಎರಡು ಮೂರು ಮಾದರಿ ದುಂಬಿ ಪಿನ್ ಮಾಡಿಡಿ, ಪಿನ್ ಬಲಗಡೆ ಚಿಪ್ಪಿಗೆ ಚುಚ್ಚೋದು ಪದ್ಧತಿ. ಇದು ವೌಚರ್, ಹತ್ತು ವರ್ಷ ಆದ್ಮೇಲೆ ನೀವು ಹೇಳಿದ್ದು ಸರಿನಾ ಅಂತ ಯಾರಾದ್ರೂ ತೆಗೆದು ನೋಡೋಕೆ ಇರೋ ಆಧಾರ. ಒಂದು ಕೋಡ್ ತಪ್ಪು ಅಂತ ಗೊತ್ತಾದ್ರೆ ಅಳಿಸಬೇಡಿ, ಮತ್ತೆ ಬೇರೆಯದಕ್ಕೆ ಕೊಡಬೇಡಿ, ರದ್ದು ಅಂತ ಬರೆದು ಹಾಗೇ ಬಿಡಿ. ಮುಂಬೈ ಗೋವಾದ ತೇವಕ್ಕೆ ಪೆಟ್ಟಿಗೆಯಲ್ಲಿ ಬೂಸ್ಟು ಬರೋದು ಖಂಡಿತ, ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬದಲಾಯಿಸಿ.

ಹೆಸರು ಹುಡುಕೋಕೆ ಆಂಡ್ರೂಸ್ 1929 ಮತ್ತು 1935ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿ ಸರಣಿಗೆ ಬರೆದ ಎರಡು ಸಂಪುಟಗಳೇ ಇವತ್ತಿಗೂ ಆಧಾರ, ಆದ್ರೆ ಅದರಲ್ಲಿರೋ ತುಂಬಾ ಹೆಸರು ಈಗ ಬದಲಾಗಿವೆ. ಪುಣೆಯ ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಇದೆ, ಮುಂಬೈನಲ್ಲಿ 1883ರಿಂದ ನಡೀತಿರೋ ಬಿಎನ್‌ಎಚ್‌ಎಸ್, ಅಂದ್ರೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದೆ. ಮೊದಲು ಪತ್ರ ಬರೆದು ಕೇಳಿ, ಬೇರ್ಪಡಿಸಿ ಕೋಡ್ ಹಾಕಿದ ಮೇಲೆ ಹೋಗಿ. ಮಿಶ್ರ ಶೀಶೆ ತಗೊಂಡು ಹೋಗಿ ಇದರಲ್ಲಿ ಏನಿದೆ ಅಂದ್ರೆ ಯಾರಿಗೂ ಖುಷಿ ಆಗಲ್ಲ.

ಉದ್ದಾನೂ ಅಳೆದು ಬರೀರಿ, ಮಿಲಿಮೀಟರ್‌ನಲ್ಲಿ. ಕಾಡು ಕೆಟ್ಟಾಗ ದೊಡ್ಡ, ಹಾರಲಾರದ ಜಾತಿಗಳು ಮೊದಲು ಕಮ್ಮಿ ಆಗಿ ಸಣ್ಣವು ಉಳಿಯೋದು ತುಂಬಾ ಕಡೆ ಕಂಡಿದೆ. ಒಟ್ಟು ಸಂಖ್ಯೆ ಅಷ್ಟೇ ಇದ್ರೂ ಸರಾಸರಿ ಉದ್ದ ಕುಗ್ತಾ ಬಂದ್ರೆ ಅದೂ ಒಂದು ಸುದ್ದಿನೇ.

8. ಬರೆದಿಡೋದು

ಎಲ್ಲಕ್ಕಿಂತ ಜಾಸ್ತಿ ಹಾಳಾಗೋದು ಇಲ್ಲಿ. ಲೋಟದಲ್ಲಿ ದುಂಬಿ ಬಿದ್ದಿಲ್ಲ ಅಂದ್ರೆ 0. ಲೋಟವನ್ನ ಕಾಡುಹಂದಿ ಕಿತ್ತಿತ್ತು, ನೀರು ತುಂಬಿ ಹರಿದಿತ್ತು, ನಾಯಿ ಕಚ್ಕೊಂಡು ಹೋಗಿತ್ತು ಅಂದ್ರೆ ಅದು 0 ಅಲ್ಲ, "ಲೋಟ ಇಲ್ಲ" ಅಂತ ಬರೀಬೇಕು. ಎಕ್ಸೆಲ್‌ನಲ್ಲಿ ಖಾಲಿ ಬಿಟ್ರೆ ಮುಂದಿನವರು ಅದನ್ನ ಸೊನ್ನೆ ಅಂತ ಓದ್ತಾರೆ.

ಲೆಕ್ಕವನ್ನ 100 ಟ್ರ್ಯಾಪ್ ನೈಟ್‌ಗೆ ಇಷ್ಟು ಅಂತ ಮಾಡಿ. ಒಂದು ಲೋಟ ಒಂದು ರಾತ್ರಿ ತೆರೆದಿದ್ರೆ ಒಂದು ಟ್ರ್ಯಾಪ್ ನೈಟ್. 15 ಲೋಟ 7 ರಾತ್ರಿ ಅಂದ್ರೆ 105. ಅದರಲ್ಲಿ ಎರಡು ಹಾಳಾದ್ರೆ ಉಳಿದಿದ್ದು 91. ಬಿದ್ದ ದುಂಬಿ 182 ಆದ್ರೆ, 100 ರಾತ್ರಿಗೆ 200 ಆಯ್ತು. ಹಾಳಾದ ಲೋಟ ಲೆಕ್ಕಕ್ಕೆ ತಗೊಂಡುಬಿಟ್ರೆ 173 ಬರತ್ತೆ, ಸುಳ್ಳು ಇಳಿಕೆ.

ದುಂಬಿ ಜೊತೆಗೆ ತರಗೆಲೆಯ ದಪ್ಪ, ನೆರಳು ಎಷ್ಟು, ಹತ್ತಿರದ ಮಳೆಮಾಪಕದ ಅಂಕಿ, ಆ ವರ್ಷ ವಣವಾ, ಅಂದ್ರೆ ಕಾಡ್ಗಿಚ್ಚು ಬಂತಾ, ದನ ಮೇಯ್ತಾ, ಇಷ್ಟು ಸಾಕು. ಇಪ್ಪತ್ತು ಕಾಲಂ ಮಾಡಿದ್ರೆ ಎರಡನೇ ವರ್ಷಕ್ಕೇ ಯಾರೂ ತುಂಬಲ್ಲ. ಶೀಟಿನ ಫೋಟೋ ಅವತ್ತೇ ಗುಂಪಿನ ಇಬ್ಬರ ಹತ್ತಿರ ಹೋಗ್ಲಿ. ಕೆಲಸ ಬದಲಾಯಿಸಿ ಬೆಂಗಳೂರಿಗೆ ಹೋಗೋವ್ರು ಇದ್ದೇ ಇರ್ತಾರೆ, ಹಾಗಾಗಿ ಮೇಲಿನ ಎಲ್ಲಾ ಅಳತೆ ಅಭ್ಯಾಸಗಳನ್ನ ಎರಡು ಪುಟದಲ್ಲಿ ಬರೆದು, ಹೊಸಬರು ಒಂದು ಪೂರ್ತಿ ಸುತ್ತು ಹಳಬರ ಜೊತೆ ಮಾಡಿದ ಮೇಲೆ ಮಾತ್ರ ಕೈಗೆ ಕೊಡಿ.

9. ಅಂಕಿ ಓದುವಾಗ

ಲೋಟಕ್ಕೆ ಬಿದ್ದ ಸಂಖ್ಯೆ ಕಾಡಲ್ಲಿರೋ ದುಂಬಿಗಳ ಸಂಖ್ಯೆ ಅಲ್ಲ. ಎಷ್ಟಿವೆ ಮತ್ತು ಎಷ್ಟು ಓಡಾಡ್ತಿವೆ ಎರಡೂ ಸೇರಿ ಬರೋ ಅಂಕಿ ಅದು, ಆಕ್ಟಿವಿಟಿ ಡೆನ್ಸಿಟಿ ಅಂತಾರೆ. ಸೆಖೆ ರಾತ್ರಿಯಲ್ಲಿ ಓಡಾಟ ಜಾಸ್ತಿ, ದಟ್ಟ ಹುಲ್ಲಲ್ಲಿ ಕಮ್ಮಿ. ಅದಕ್ಕೇ ಪುಣೆಯ ವೇತಾಳ ಟೇಕಡಿಯ ಅಂಕಿ ತಗೊಂಡು ಮ್ಹಾದೇಯಿಯ ಅಂಕಿಗೆ ಹೋಲಿಸಿ ಅಲ್ಲಿ ದುಪ್ಪಟ್ಟು ಇವೆ ಅನ್ನೋದು ತಪ್ಪು. ಅದೇ ಪ್ಲಾಟ್, ಅದೇ ಸುತ್ತು, ಬೇರೆ ಬೇರೆ ವರ್ಷ, ಹಾಗೆ ಹೋಲಿಸಿ, ಒಂದೊಂದು ಪ್ರಭೇದಕ್ಕೂ ಬೇರೆ ಗೆರೆ ಎಳೆದು. ಎಲ್ಲಾ ಸೇರಿಸಿದ ಒಂದೇ ಗೆರೆಯಲ್ಲಿ ಒಂದು ಜಾತಿ ಏರಿ ಹತ್ತು ಜಾತಿ ಇಳಿದಿದ್ದು ಕಾಣೋದೇ ಇಲ್ಲ.

ಮೊದಲ ನಾಲ್ಕೈದು ವರ್ಷ ಏರಿತು ಇಳೀತು ಅಂತ ಪತ್ರಿಕೆಗೆ ಹೇಳೋಕೆ ಹೋಗ್ಬೇಡಿ. ಒಂದು ಬರ, ಒಂದು ಅತಿವೃಷ್ಟಿ ಸಾಕು ಅಂಕಿ ಅರ್ಧ ಆಗೋಕೆ, ಮರುವರ್ಷ ವಾಪಸ್ ಬರತ್ತೆ. ಅಷ್ಟರ ತನಕ ಇರೋ ಪ್ರಭೇದಗಳ ಪಟ್ಟಿ, ಯಾವುದು ಯಾವ ಸುತ್ತಲ್ಲಿ ಬರತ್ತೆ ಅನ್ನೋದನ್ನ ಹಂಚ್ಕೊಳ್ಳಿ, ಅದಕ್ಕೂ ಬೆಲೆ ಇದೆ.

ಸ್ಕೂಲಲ್ಲಿ ಮಾಡಬಹುದಾ ಅಂತ ಕೇಳಿದ ಟೀಚರ್‌ಗಳಿಗೆ: ಧಾರಾಳವಾಗಿ ಮಾಡಿ, ಕಾಡಲ್ಲಲ್ಲ, ಸ್ಕೂಲ್ ಕಾಂಪೌಂಡಿನ ಮರಗಳ ಕೆಳಗೆ, ಒಣ ಲೋಟ ಮಾತ್ರ, ಮ್ಯಾನೇಜ್‌ಮೆಂಟ್‌ಗೆ ಹೇಳಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮಕ್ಕಳು ನೋಡ್ಲಿ, ಎಣಿಸಿ ಬಿಡ್ಲಿ, ಯಾವುದನ್ನೂ ಕೈಯಲ್ಲಿ ಹಿಡಿಯೋದು ಬೇಡ, ಉದ್ದ ಹಿಡಿಯ ಚಮಚ ಕೊಡಿ. ಶನಿವಾರ ಮುಚ್ಚಳ ಹಾಕೋ ಪಾಳಿ ಯಾರದ್ದು ಅಂತ ಬೋರ್ಡ್ ಮೇಲೆ ಮೊದಲೇ ಬರೆದಿರಿ, ಭಾನುವಾರ ಗೇಟಿಗೆ ಬೀಗ ಇರತ್ತೆ.